ಬೆಂಚು ಸುಟ್ಟವರು ಯಾರು? ಪ್ರಿನ್ಸ್‌ಟನ್ನಿನ ಚರ್ಚು ಮತ್ತು ಅಮೆರಿಕದ ಕ್ರಾಂತಿ

1777ರ ಚಳಿಗಾಲ. ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಊರಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಬೆಂಚುಗಳು ಸೌದೆಯಾಗಿದ್ದವು. ಸೈನಿಕರು ಅವನ್ನು ಕಿತ್ತರು, ಒಡೆದರು, ಉರಿಸಿದರು. ಚರ್ಚಿನ ಒಳಗೇ ಒಲೆ ಕಟ್ಟಿ, ಹೊಗೆಗೂಡು ಎಬ್ಬಿಸಿಕೊಂಡಿದ್ದರು. ಗ್ಯಾಲರಿಯ ಮರಕ್ಕೂ ಕೈ ಹಾಕಿದರು. ಮೊದಲು ಬೀಡುಬಿಟ್ಟವರು ಬ್ರಿಟಿಷ್ ಕಡೆಯವರು, ಅವರ ಜತೆ ಸಂಬಳಕ್ಕೆ ಬಂದ ಜರ್ಮನ್ ಸಿಪಾಯಿಗಳು. ಅವರು ಜಾಗ ಖಾಲಿ ಮಾಡಿದ ಮೇಲೆ ಬಂದವರು ಅಮೆರಿಕದ ಸೈನಿಕರು. ಇಬ್ಬರಿಗೂ ಚಳಿ ಒಂದೇ ಅಲ್ವಾ, ಸೌದೆಯೂ ಅದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಸಂಗತಿ. ಏಕೆಂದರೆ ಆ ಚರ್ಚಿನ ಪಾದ್ರಿ ಜಾನ್ ವಿದರ್‌ಸ್ಪೂನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಸಹಿ ಹಾಕಿದ 56 ಜನರಲ್ಲಿ ಹುದ್ದೆಯಲ್ಲಿದ್ದ ಪಾದ್ರಿ ಅವನೊಬ್ಬನೇ. ತಾನು ಯಾರ ಪರ ನಿಂತನೋ ಆ ಸೈನ್ಯವೇ ಅವನ ಚರ್ಚಿನ ಸಾಮಾನು ಸುಟ್ಟು ಕೈ ಕಾಯಿಸಿಕೊಂಡಿತು. ಒಂದು ಧಾರ್ಮಿಕ ಸಂಸ್ಥೆ ರಾಜಕೀಯಕ್ಕೆ ಇಳಿದರೆ ಅದರ ಕೈಯಿಂದ ಏನು ಹೋಗುತ್ತದೆ, ಕೈಗೆ ಏನು ಬರುತ್ತದೆ ಎಂದು ನೋಡೋಕೆ ಇಷ್ಟು ಸ್ಪಷ್ಟವಾದ ಪ್ರಕರಣ ಸಿಗೋದು ಕಷ್ಟ. ಊರು ಚಿಕ್ಕದು, ಪಾತ್ರಧಾರಿಗಳು ಕಡಿಮೆ, ದಾಖಲೆ ಜಾಸ್ತಿ.

ಊರು, ಕಾಲೇಜು, ಚರ್ಚು

ಮೊದಲು ಪ್ರೆಸ್ಬಿಟೇರಿಯನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇವರಲ್ಲಿ ಬಿಷಪ್ ಇಲ್ಲ. ಸಭೆಯವರು ತಮ್ಮೊಳಗೇ ಹಿರಿಯರನ್ನು ಆರಿಸುತ್ತಾರೆ. ಆ ಹಿರಿಯರೂ ಪಾದ್ರಿಯೂ ಸೇರಿ ಚರ್ಚು ನಡೆಸುತ್ತಾರೆ. ಹಲವು ಊರಿನ ಸಭೆಗಳು ಸೇರಿ ಪ್ರೆಸ್ಬಿಟರಿ, ಅದರ ಮೇಲೆ ಸಿನಡ್. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಕೆಂಪು ಬಣ್ಣದ, ಗೋಪುರವಿರುವ ಸೇಂಟ್ ಆಂಡ್ರ್ಯೂಸ್ ಚರ್ಚು ನೋಡಿರುತ್ತೀರಿ. 1860ರ ದಶಕದಲ್ಲಿ ಕಟ್ಟಿದ್ದು. ಅದೂ ಸ್ಕಾಟ್ಲೆಂಡಿನ ಇದೇ ಬೇರಿನದು, ಈಗ ಸಿಎಸ್‌ಐಗೆ ಸೇರಿದೆ.

ಇಂಗ್ಲೆಂಡಿನ ರಾಜನ ಚರ್ಚು ಬೇರೆ. ಅಲ್ಲಿ ಬಿಷಪ್ ಉಂಟು, ಬಿಷಪ್ಪನ ಮೇಲೆ ರಾಜ ಉಂಟು. ಅಮೆರಿಕಕ್ಕೂ ಒಬ್ಬ ಬಿಷಪ್ಪನನ್ನು ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಪ್ರೆಸ್ಬಿಟೇರಿಯನ್ನರಿಗೆ 1760ರ ದಶಕದಿಂದಲೇ ಇತ್ತು. ತೆರಿಗೆ ಜಗಳಕ್ಕೆ ಈ ಹೆದರಿಕೆಯೂ ಸೇರಿಕೊಂಡಿತು. ಒಂದು ಕಡೆ ನಮ್ಮನ್ನು ಕೇಳದೆ ತೆರಿಗೆ ಹಾಕುತ್ತಾರೆ, ಇನ್ನೊಂದು ಕಡೆ ನಮ್ಮನ್ನು ಕೇಳದೆ ಬಿಷಪ್ಪನನ್ನು ಕೂರಿಸುತ್ತಾರೆ. ಹಿರಿಯರನ್ನು ತಾವೇ ಆರಿಸಿ ರೂಢಿಯಾದವರಿಗೆ ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣದಂತೆ ಕಂಡಿತು.

ಈಗಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆಗಿನ ಹೆಸರು ಕಾಲೇಜ್ ಆಫ್ ನ್ಯೂಜೆರ್ಸಿ. 1746ರಲ್ಲಿ ಅದಕ್ಕೆ ಸನದು ಸಿಕ್ಕಿತು. ಶುರು ಮಾಡಿದವರು ಪ್ರೆಸ್ಬಿಟೇರಿಯನ್ ಪಾದ್ರಿಗಳು. ಎಲಿಜಬೆತ್‌ಟೌನ್, ನ್ಯೂವರ್ಕ್ ಅಂತ ಊರೂರು ಸುತ್ತಿ 1756ರಲ್ಲಿ ಪ್ರಿನ್ಸ್‌ಟನ್ನಿಗೆ ಬಂತು. ಅಲ್ಲಿ ನಸ್ಸೌ ಹಾಲ್ ಎಂಬ ದೊಡ್ಡ ಕಲ್ಲಿನ ಕಟ್ಟಡ ಎದ್ದಿತು. ಆಗಿನ ವಸಾಹತುಗಳಲ್ಲಿ ಅಷ್ಟು ದೊಡ್ಡ ಕಟ್ಟಡಗಳು ಕೆಲವೇ ಇದ್ದವು. ಪಾಠ, ಊಟ, ನಿದ್ದೆ, ಪ್ರಾರ್ಥನೆ ಎಲ್ಲ ಅದರೊಳಗೇ. ಊರಿನ ಪ್ರೆಸ್ಬಿಟೇರಿಯನ್ ಸಭೆಗೂ ಶುರುವಿನಲ್ಲಿ ಪ್ರತ್ಯೇಕ ಜಾಗ ಇರಲಿಲ್ಲ, ಭಾನುವಾರ ಕಾಲೇಜಿನ ಪ್ರಾರ್ಥನಾ ಕೋಣೆಗೇ ಬರುತ್ತಿದ್ದರು.

1760ರ ದಶಕದಲ್ಲಿ ಸಭೆಯವರು ಕಾಲೇಜಿನ ಪಕ್ಕದಲ್ಲೇ ಸ್ವಂತ ಚರ್ಚು ಕಟ್ಟಿದರು. ಕಾಲೇಜು ಕೈಜೋಡಿಸಿತು. ಅದಕ್ಕೆ ಪ್ರತಿಯಾಗಿ ವರ್ಷದ ಪದವಿ ಸಮಾರಂಭ ಆ ಚರ್ಚಿನಲ್ಲಿ ನಡೆಯಿತು. ಕಾಲೇಜಿನ ಅಧ್ಯಕ್ಷನೇ ಚರ್ಚಿನ ಪಾದ್ರಿ. ಅಂದರೆ ವಾರವೆಲ್ಲ ಪಾಠ ಹೇಳಿದವನೇ ಭಾನುವಾರ ಪ್ರಸಂಗ ಮಾಡಬೇಕು, ಹುಡುಗರ ಹಾಜರಿ ಹಾಕುವವನೂ ಅವನೇ, ಊರಿನವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನೂ ಅವನೇ. ಚರ್ಚು ಎಲ್ಲಿ ಮುಗಿಯಿತು, ಕಾಲೇಜು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗುತ್ತಿರಲಿಲ್ಲ. ಮುಂದೆ ನಡೆದದ್ದೆಲ್ಲ ಅರ್ಥ ಆಗಬೇಕಾದರೆ ಇದೊಂದು ನೆನಪಿರಲಿ.

ಸ್ಕಾಟ್ಲೆಂಡಿನಿಂದ ಬಂದ ಪಾದ್ರಿ

ವಿದರ್‌ಸ್ಪೂನ್ ಹುಟ್ಟಿದ್ದು 1723ರಲ್ಲಿ, ಸ್ಕಾಟ್ಲೆಂಡಿನ ಗಿಫರ್ಡ್‌ನಲ್ಲಿ. ಪೈಸ್ಲಿ ಊರಿನಲ್ಲಿ ಪಾದ್ರಿಯಾಗಿದ್ದ. ಕಾಲೇಜಿನವರು ಅಧ್ಯಕ್ಷನಾಗು ಎಂದು ಕರೆದಾಗ ಅವನ ಹೆಂಡತಿ ಎಲಿಜಬೆತ್ ಸುತಾರಾಂ ಒಪ್ಪಲಿಲ್ಲ. ಸಮುದ್ರ ದಾಟಿ ಆ ಕಾಡಿಗೆ ಯಾರು ಹೋಗುತ್ತಾರೆ ಅಂತ ಆಕೆಗೆ ಅನಿಸಿದ್ದರೆ ತಪ್ಪೇನಿಲ್ಲ ಬಿಡಿ. ಪ್ರಿನ್ಸ್‌ಟನ್ನಿನ ವಕೀಲ ರಿಚರ್ಡ್ ಸ್ಟಾಕ್ಟನ್ ಪೈಸ್ಲಿಗೇ ಹೋಗಿ ಕೇಳಿಕೊಂಡ. ಕೊನೆಗೆ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಬೆಂಜಮಿನ್ ರಷ್ ಎಂಬ ಹುಡುಗ ಆಕೆಯ ಮನಸ್ಸು ಬದಲಿಸಿದ. ಸ್ಟಾಕ್ಟನ್, ರಷ್ ಇಬ್ಬರೂ ಈ ಕಾಲೇಜಿನಲ್ಲಿ ಓದಿದವರು. ಹೀಗೆ ಕರೆಯೋಕೆ ಹೋದ ಇಬ್ಬರೂ, ಬಂದವನೂ, ಮೂವರೂ ಮುಂದೆ ಒಂದೇ ಕಾಗದದ ಮೇಲೆ ಸಹಿ ಹಾಕಿದರು.

1768ರ ಆಗಸ್ಟಿನಲ್ಲಿ ವಿದರ್‌ಸ್ಪೂನ್ ಊರು ಸೇರಿದ ರಾತ್ರಿ ವಿದ್ಯಾರ್ಥಿಗಳು ನಸ್ಸೌ ಹಾಲಿನ ಕಿಟಕಿ ಕಿಟಕಿಗೂ ಮೇಣದ ದೀಪ ಹಚ್ಚಿಟ್ಟರಂತೆ.

ಬಂದ ಕೂಡಲೇ ಅವನೇನೂ ಕ್ರಾಂತಿ ಮಾತಾಡಲಿಲ್ಲ. ಅವನಿಗಿಂತ ಹುಡುಗರೇ ಮುಂದೆ ಇದ್ದರು. 1770ರ ಜುಲೈಯಲ್ಲಿ ನ್ಯೂಯಾರ್ಕಿನ ವ್ಯಾಪಾರಿಗಳು ಬ್ರಿಟಿಷ್ ಸರಕು ಬಹಿಷ್ಕಾರದಿಂದ ಹಿಂದೆ ಸರಿದು, ಫಿಲಡೆಲ್ಫಿಯಾದವರಿಗೂ ಬನ್ನಿ ಅಂತ ಕಾಗದ ಬರೆದರು. ಆ ಕಾಗದವನ್ನು ಹುಡುಗರು ಕಾಲೇಜಿನ ಅಂಗಳದಲ್ಲಿ ಸುಟ್ಟರು, ಎಲ್ಲರೂ ಕಪ್ಪು ಗೌನು ತೊಟ್ಟು, ಸಾವಿಗೆ ಹೊಡೆಯುವ ಹಾಗೆ ಗಂಟೆ ಹೊಡೆಯುತ್ತ. ಇದನ್ನು ಅಪ್ಪನಿಗೆ ಬರೆದು ತಿಳಿಸಿದ ವಿದ್ಯಾರ್ಥಿಯ ಹೆಸರು ಜೇಮ್ಸ್ ಮ್ಯಾಡಿಸನ್. ಮುಂದೆ ಅಮೆರಿಕದ ನಾಲ್ಕನೇ ಅಧ್ಯಕ್ಷ. ಕಾಲೇಜಿನಲ್ಲೂ ಅದರ ಶಾಲೆಯಲ್ಲೂ ಸೇರಿ 115 ಜನ ಇದ್ದೇವೆ, ಎಲ್ಲರದೂ ಅಮೆರಿಕದ್ದೇ ಬಟ್ಟೆ ಅಂತಲೂ ಅದೇ ಕಾಗದದಲ್ಲಿ ಬರೆದಿದ್ದಾನೆ. ನಮ್ಮ ಸ್ವದೇಶಿ ಚಳವಳಿಗೆ ಇನ್ನೂ 135 ವರ್ಷ ಇತ್ತು.

1774ರ ಜನವರಿಯಲ್ಲಿ ಇನ್ನೊಂದು ಸುಡುವಿಕೆ. ಬಾಸ್ಟನ್ನಿನವರು ತೆರಿಗೆಯ ಸಿಟ್ಟಿಗೆ ಚಹಾ ಸಮುದ್ರಕ್ಕೆ ಸುರಿದ ಸುದ್ದಿ ಬಂದಿತ್ತು. ಹುಡುಗರು ಕಾಲೇಜಿನ ಉಗ್ರಾಣಕ್ಕೆ ನುಗ್ಗಿ ಚಳಿಗಾಲಕ್ಕೆ ಅಂತ ಇಟ್ಟಿದ್ದ ಚಹಾ ಹೊರಗೆ ತಂದು ಬೆಂಕಿಗೆ ಹಾಕಿದರು. ಸುಮಾರು 12 ಪೌಂಡ್. ಆಗಲೂ ಗಂಟೆ ಬಾರಿಸಿದರು. ಪ್ರಾರ್ಥನೆಗೆ ಕರೆಯುವ ಗಂಟೆಯನ್ನೇ ಇದಕ್ಕೂ ಬಳಸಿಕೊಂಡಿದ್ದರು, ಪಾದ್ರಿ ಬೈದ ಹಾಗೆ ಕಾಣೆ.

ಪೀಠದ ಮೇಲೆ ರಾಜಕೀಯ

ಚರ್ಚಿನ ಅಧಿಕೃತ ನಿಲುವು ಮಾತ್ರ ಬಹಳ ಹುಷಾರಿನದು. 1775ರ ಮೇ ತಿಂಗಳಲ್ಲಿ, ಲೆಕ್ಸಿಂಗ್ಟನ್ನಿನಲ್ಲಿ ಬ್ರಿಟಿಷರ ಜತೆ ಮೊದಲ ಕಾಳಗವಾಗಿ ರಕ್ತ ಬಿದ್ದು ತಿಂಗಳಾಗಿರುವಾಗ, ಪ್ರೆಸ್ಬಿಟೇರಿಯನ್ ಸಿನಡ್ ತನ್ನ ಎಲ್ಲ ಸಭೆಗಳಿಗೆ ಒಂದು ಪತ್ರ ಕಳಿಸಿತು. ಬರೆದ ಸಮಿತಿಯಲ್ಲಿ ವಿದರ್‌ಸ್ಪೂನ್ ಇದ್ದ. ಪತ್ರದಲ್ಲಿ ರಾಜನಿಗೆ ನಿಷ್ಠೆಯೂ ಇದೆ, ಕಾಂಗ್ರೆಸ್ಸಿಗೆ, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆಗೆ, ವಿಧೇಯತೆಯೂ ಇದೆ. ಎರಡು ದೋಣಿಯಲ್ಲಿ ಕಾಲು ಅಂತ ಕಾಣುತ್ತದೆ. ಆದರೆ ಆ ಹೊತ್ತಿಗೆ ಬಹಳ ಜನರ ಕಾಲು ಹಾಗೇ ಇತ್ತು. ಆ ಪತ್ರದಲ್ಲಿ ನನಗೆ ಹಿಡಿಸಿದ್ದು ಸೈನಿಕರಿಗೆ ಹೇಳಿದ ಮಾತು: ಅನಿವಾರ್ಯ ಆಗುವ ತನಕ ಹೊಡೆದಾಡದೆ ಇದ್ದು, ಅನಿವಾರ್ಯ ಮುಗಿದ ಕೂಡಲೇ ಕೈ ಇಳಿಸುವವನೇ ಹೆಚ್ಚು ಧೈರ್ಯದಿಂದ ಕಾದಾಡುತ್ತಾನೆ ಅಂತ.

ಒಂದು ವರ್ಷದಲ್ಲಿ ದೋಣಿ ಒಂದೇ ಆಯಿತು. 1776ರ ಮೇ 17ರಂದು ಉಪವಾಸ, ಪ್ರಾರ್ಥನೆ ಮಾಡಿ ಅಂತ ಕಾಂಗ್ರೆಸ್ ಎಲ್ಲ ಕಡೆ ಕರೆ ಕೊಟ್ಟಿತ್ತು. ಆ ದಿನ ಪ್ರಿನ್ಸ್‌ಟನ್ನಿನಲ್ಲಿ ವಿದರ್‌ಸ್ಪೂನ್ ಮಾಡಿದ ಪ್ರಸಂಗ ಈ ಪ್ರಕರಣದ ನಡುಮಧ್ಯ. ಆರಿಸಿಕೊಂಡ ವಚನ ಕೀರ್ತನೆ 76ರ 10ನೆಯದು. ಮನುಷ್ಯರ ಕೋಪವೂ ಕೊನೆಗೆ ದೇವರ ಮಹಿಮೆಗೇ ಒದಗುತ್ತದೆ ಅನ್ನುವುದು ಅದರ ತಾತ್ಪರ್ಯ. ಪ್ರಸಂಗದ ಬಹುಪಾಲು ಇದರ ವಿವರಣೆಯೇ, ಈಗ ಓದಿದರೆ ಸ್ವಲ್ಪ ಉದ್ದ ಅನಿಸುತ್ತದೆ. ಆಮೇಲೆ ತಿರುವು. ಪೀಠದ ಮೇಲೆ ರಾಜಕೀಯ ತರುತ್ತಿರುವುದು ಇದೇ ಮೊದಲ ಸಲ ಅಂತ ತಾನೇ ಹೇಳಿಕೊಂಡ. ಈ ಕಾಲದಲ್ಲಿ ಅದನ್ನು ಮಾಡೋದು ತಪ್ಪೂ ಅಲ್ಲ, ಅಗತ್ಯ ಅಂತಲೂ ಹೇಳಿದ. ನಾಗರಿಕ ಸ್ವಾತಂತ್ರ್ಯ ಕಳೆದುಕೊಂಡು ಧರ್ಮದ ಸ್ವಾತಂತ್ರ್ಯವನ್ನು ಪೂರ್ತಿ ಉಳಿಸಿಕೊಂಡ ಒಂದು ನಿದರ್ಶನವೂ ಚರಿತ್ರೆಯಲ್ಲಿ ಇಲ್ಲ ಎಂದ.

ಇಲ್ಲಿ ಅವನ ವಾದದ ನಡೆ ನೋಡಿ. ಇಂಗ್ಲೆಂಡಿನವರು ದುಷ್ಟರು ಅಂತ ಅವನು ಹೇಳಲಿಲ್ಲ. ಅವರೂ ಮನುಷ್ಯರು, ನಾವೂ ಮನುಷ್ಯರು, ಆದರೆ ಅಷ್ಟು ದೂರ ಕೂತವರಿಗೆ ನಮ್ಮನ್ನು ಆಳುವ ತಿಳಿವಳಿಕೆ ಇರೋಕೆ ಸಾಧ್ಯವಿಲ್ಲ ಎಂಬ ಧಾಟಿ. ಅದಕ್ಕೆ ಕಾರಣ ಅವನ ಧರ್ಮಶಾಸ್ತ್ರ. ಪಾಪ ಎಲ್ಲರಲ್ಲೂ ಇದೆ ಅಂತ ನಂಬುವವನಿಗೆ ಒಂದು ಕಡೆಯವರನ್ನು ರಾಕ್ಷಸರು ಮಾಡೋಕೆ ಬರುವುದಿಲ್ಲ. ಅದೇ ವರ್ಷ ಊರೆಲ್ಲ ಓದುತ್ತಿದ್ದ ಥಾಮಸ್ ಪೇನ್‌ನ ‘ಕಾಮನ್ ಸೆನ್ಸ್’ ಸ್ವಾತಂತ್ರ್ಯದ ಪರವೇ ಇತ್ತು. ಆದರೂ ಅದರಲ್ಲಿ ಜನ್ಮಪಾಪದ ಬಗ್ಗೆ ಹಗುರವಾಗಿ ಬರೆದಿದ್ದಾನೆ ಅಂತ ಅಚ್ಚಾದ ಪ್ರಸಂಗದ ಅಡಿಟಿಪ್ಪಣಿಯಲ್ಲಿ ಪೇನ್‌ಗೆ ಸರಿಯಾಗಿ ಬಿಸಿ ಮುಟ್ಟಿಸಿದ. ನಮ್ಮ ಕಡೆಯವನು ಅಂತ ಬಿಡಲಿಲ್ಲ. ಕೊನೆಗೆ ಹೇಳಿದ್ದು ದುಡಿಯಿರಿ, ದುಂದು ಮಾಡಬೇಡಿ ಅಂತ. ಅಪ್ಪಟ ಸ್ಕಾಟ್.

ಪ್ರಸಂಗ ಅಚ್ಚಾಗಿ ಕಾಂಗ್ರೆಸ್ಸಿನ ಅಧ್ಯಕ್ಷ ಜಾನ್ ಹ್ಯಾನ್ಕಾಕ್‌ಗೆ ಅರ್ಪಣೆಯಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೂ ಅದು ಅಚ್ಚಾಯಿತು, ಆದರೆ ಇವನು ದ್ರೋಹಿ ಅಂತ ಬೈಯುವ ಟಿಪ್ಪಣಿಗಳ ಸಮೇತ. ಹುಟ್ಟಿದ ನಾಡಿನಲ್ಲಿ ಸಿಕ್ಕ ಮರ್ಯಾದೆ ಅದು.

ಮುಂದಿನ ತಿಂಗಳು ನ್ಯೂಜೆರ್ಸಿಯವರು ರಾಜನ ಗವರ್ನರ್ ವಿಲಿಯಂ ಫ್ರಾಂಕ್ಲಿನ್‌ನನ್ನು ಬಂಧಿಸಿದರು. ಇವನು ಬೆಂಜಮಿನ್ ಫ್ರಾಂಕ್ಲಿನ್‌ನ ಮದುವೆಯಾಚೆಗಿನ ಮಗ. ವಿಚಾರಣೆಯಲ್ಲಿ ಪಾದ್ರಿ ಅವನ ಹುಟ್ಟನ್ನೇ ಹಿಡಿದು ಚುಚ್ಚಿ ಮಾತಾಡಿದ. ಪೀಠದ ಮೇಲೆ ಅಷ್ಟು ಅಳತೆಯಲ್ಲಿ ಮಾತಾಡಿದವನು ಇಲ್ಲಿ ಹಗುರವಾದ. ನನಗೆ ಇದು ಹಿಡಿಸಲಿಲ್ಲ. ಆದರೆ ಬಿಟ್ಟು ಬರೆದರೆ ಅರ್ಧ ಮನುಷ್ಯನ ಚಿತ್ರವಾಗುತ್ತದೆ. ಅದಾಗಿ ಕೆಲವೇ ದಿನದಲ್ಲಿ ಅವನು ಕಾಂಗ್ರೆಸ್ಸಿಗೆ ಆಯ್ಕೆಯಾಗಿ ಫಿಲಡೆಲ್ಫಿಯಾಕ್ಕೆ ಹೋದ, ಪಾದ್ರಿಯ ಉಡುಪಿನಲ್ಲೇ. ದೇಶ ಇನ್ನೂ ಸ್ವಾತಂತ್ರ್ಯಕ್ಕೆ ಮಾಗಿಲ್ಲ ಅಂತ ಯಾರೋ ಅಂದಾಗ, ಮಾಗಿರೋದಷ್ಟೇ ಅಲ್ಲ, ಕೊಳೆಯೋಕೆ ಬಂದಿದೆ ಅಂತ ಅವನು ಅಂದನಂತೆ.

ಬ್ರಿಟಿಷರಿಗೂ ಈ ಪಾದ್ರಿ ಯಾರು ಅಂತ ಚೆನ್ನಾಗಿ ಗೊತ್ತಿತ್ತು. 1776ರ ಬೇಸಿಗೆಯಲ್ಲಿ ಸ್ಟೇಟನ್ ಐಲೆಂಡಿನಲ್ಲಿ ಬೀಡುಬಿಟ್ಟ ಸೈನಿಕರು ವಾಷಿಂಗ್ಟನ್ ಮತ್ತಿತರ ಜನರಲ್‌ಗಳ ಜತೆ ಇವನ ಪ್ರತಿಕೃತಿಯನ್ನೂ ಸುಟ್ಟರು.

ಯುದ್ಧ ಮನೆ ಬಾಗಿಲಿಗೆ

ನವೆಂಬರ್ ಹೊತ್ತಿಗೆ ವಾಷಿಂಗ್ಟನ್ನಿನ ಸೈನ್ಯ ಸೋತು ನ್ಯೂಜೆರ್ಸಿ ದಾಟಿ ಓಡುತ್ತಿತ್ತು. 29ನೇ ತಾರೀಖು ವಿದರ್‌ಸ್ಪೂನ್ ವಿದ್ಯಾರ್ಥಿಗಳನ್ನು ಹಾಲಿನಲ್ಲಿ ಸೇರಿಸಿ, ಕಾಲೇಜು ಮುಚ್ಚಿದ್ದೇನೆ, ಮನೆಗೆ ಹೋಗಿ ಅಂದ. ಹುಡುಗರು ಪೆಟ್ಟಿಗೆ ಕಟ್ಟೋಕೂ ಪುರುಸೊತ್ತಿಲ್ಲದೆ ಹೊರಟರು. ಮರುದಿನ ರಾತ್ರಿ ರಿಚರ್ಡ್ ಸ್ಟಾಕ್ಟನ್ ಸಿಕ್ಕಿಬಿದ್ದ. ರಾಜನ ಪರ ಇದ್ದವರು ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು, ಜೈಲು ಕಂಡ. ಅವನ ಮಾರ್ವೆನ್ ಬಂಗಲೆ ಲೂಟಿಯಾಯಿತು. ಬಿಡುಗಡೆಯಾಗಿ ಬಂದಾಗ ಊರಲ್ಲಿ ಗುಸುಗುಸು. ಬ್ರಿಟಿಷ್ ಸೇನಾಪತಿ ಹೋವ್‌ನ ಕ್ಷಮಾಪತ್ರಕ್ಕೆ ಸಹಿ ಹಾಕಿ ಬಂದಿದ್ದಾನೆ, ಜನ ಆಡಿಕೊಳ್ಳುತ್ತಿದ್ದಾರೆ ಅಂತ ವಿದರ್‌ಸ್ಪೂನ್ ತನ್ನ ಮಗನಿಗೆ ಬರೆದ. ಸ್ಕಾಟ್ಲೆಂಡಿಗೆ ಬಂದು ತನ್ನನ್ನು ಕರೆದ ಗೆಳೆಯನ ಬಗ್ಗೆ ಹೀಗೆ ಬರೆಯಬೇಕಾಗಿ ಬಂತು.

ಡಿಸೆಂಬರಿನಲ್ಲಿ ಬ್ರಿಟಿಷರು ಊರಿಗೆ ಬಂದರು. ನಸ್ಸೌ ಹಾಲ್ ಬ್ಯಾರಕ್ ಆಯಿತು, ಚರ್ಚಿಗೂ ಅದೇ ಗತಿ. ಅವರ ದಂಡನಾಯಕ ಕಾರ್ನ್‌ವಾಲಿಸ್. ಹೆಸರು ಕೇಳಿದ ಹಾಗಿದೆ ಅಲ್ವಾ? ಅವನೇ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಮುಂದೆ ನಿಂತು, ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡವನು.

1777ರ ಜನವರಿ 2ರಂದು ಕಾರ್ನ್‌ವಾಲಿಸ್ ಪ್ರಿನ್ಸ್‌ಟನ್ನಿನಿಂದ ಟ್ರೆಂಟನ್ ಕಡೆ ನಡೆದ, ವಾಷಿಂಗ್ಟನ್‌ನನ್ನು ಅಲ್ಲೇ ಮುಗಿಸೋಣ ಅಂತ. ಅವತ್ತು ಟ್ರೆಂಟನ್ನಿನಲ್ಲಿ ಜಾನ್ ರಾಸ್‌ಬ್ರಗ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಜರ್ಮನ್ ಸಿಪಾಯಿಗಳ ಕೈಗೆ ಸಿಕ್ಕಿ ಸತ್ತ. ಈ ಕಾಲೇಜಿನಲ್ಲೇ ಓದಿದವನು, ತನ್ನ ಸಭೆಯ ಗಂಡಸರ ಜತೆ ಯುದ್ಧಕ್ಕೆ ಬಂದಿದ್ದ. ಅವನನ್ನು ವಿದರ್‌ಸ್ಪೂನ್ ಅಂತ ತಿಳಿದು ಕೊಂದರು ಎಂಬ ಮಾತು ಹಬ್ಬಿತು.

ಆ ರಾತ್ರಿ ವಾಷಿಂಗ್ಟನ್ ಶಿಬಿರದ ಬೆಂಕಿಗಳನ್ನು ಉರಿಯೋಕೆ ಬಿಟ್ಟು, ಫಿರಂಗಿ ಗಾಲಿಗೆ ಬಟ್ಟೆ ಸುತ್ತಿಸಿ, ಹಿಂದಿನ ದಾರಿಯಲ್ಲಿ ಪ್ರಿನ್ಸ್‌ಟನ್ನಿಗೆ ನಡೆದ. ಬೆಳಗ್ಗೆ ಊರಾಚೆ ಕ್ಲಾರ್ಕ್ ಮನೆತನದ ಹೊಲದಲ್ಲಿ ಮಾಹುಡ್‌ನ ಬ್ರಿಟಿಷ್ ಪಡೆಗೆ ಎದುರಾದ. ಜನರಲ್ ಹ್ಯೂ ಮರ್ಸರ್ ಬಯೋನೆಟ್ ತಿವಿತಕ್ಕೆ ಬಿದ್ದ. ಅವನನ್ನು ಥಾಮಸ್ ಕ್ಲಾರ್ಕ್ ಮನೆಗೆ ಹೊತ್ತು ತಂದರು, ಒಂಬತ್ತು ದಿನ ನರಳಿ ಅಲ್ಲೇ ಸತ್ತ. ಕ್ಲಾರ್ಕ್ ಕ್ವೇಕರ್ ಪಂಥದವನು. ಅವರು ಆಯುಧ ಮುಟ್ಟುವುದಿಲ್ಲ. ಅದೇ ಊರು, ಅದೇ ಯುದ್ಧ, ಇನ್ನೊಂದು ಚರ್ಚು. ಯಾರ ಪರವೂ ನಿಲ್ಲದವರ ಹೊಲದಲ್ಲೇ ಯುದ್ಧ ನಡೆಯಿತು.

ಸೋತ ಬ್ರಿಟಿಷರಲ್ಲಿ ಒಂದಷ್ಟು ಜನ ನಸ್ಸೌ ಹಾಲ್ ಹೊಕ್ಕರು. ಅಮೆರಿಕದವರು ಅದರ ಮೇಲೆ ಫಿರಂಗಿ ಹಾರಿಸಿದರು. ಒಂದು ಗುಂಡು ಒಳಗೆ ನುಗ್ಗಿ ಗೋಡೆಯಲ್ಲಿದ್ದ ಎರಡನೇ ಜಾರ್ಜ್ ರಾಜನ ಚಿತ್ರದ ತಲೆ ಹಾರಿಸಿತು ಅಂತ ಕಥೆ. ಇನ್ನೊಂದು ಗುಂಡಿನ ಗುರುತು ಹೊರಗೋಡೆಯಲ್ಲಿ ಈಗಲೂ ಇದೆ. 194 ಜನ ಶರಣಾದರು. ಅಂದರೆ ಕಾಲೇಜಿನ ಗೋಡೆಗೆ ಬಿದ್ದ ಗುಂಡೂ ಸ್ವಂತ ಕಡೆಯವರದ್ದೇ. ಕೆಲವೇ ಗಂಟೆಯಲ್ಲಿ ವಾಷಿಂಗ್ಟನ್ ಊರು ಬಿಟ್ಟ, ಕಾರ್ನ್‌ವಾಲಿಸ್ ಏದುಸಿರು ಬಿಡುತ್ತ ಬಂದಾಗ ಊರು ಖಾಲಿ.

ಆಮೇಲೆ ಅಮೆರಿಕದ ಸೈನ್ಯ ಬಂದು ತಳವೂರಿತು. ನಸ್ಸೌ ಹಾಲ್ ಬ್ಯಾರಕ್ ಆಯಿತು, ಆಸ್ಪತ್ರೆ ಆಯಿತು, 1778ರ ಕೊನೆಯವರೆಗೂ ಅವರ ಕೈಯಲ್ಲೇ ಇತ್ತು. ಪುಸ್ತಕ ಹೋದವು. ರಿಟನ್‌ಹೌಸ್ ಎಂಬ ಕುಶಲಕರ್ಮಿ ಮಾಡಿದ ಗ್ರಹಗಳ ಯಂತ್ರವೊಂದಿತ್ತು, ಹಿಡಿಕೆ ತಿರುಗಿಸಿದರೆ ಸೂರ್ಯನ ಸುತ್ತ ಗ್ರಹಗಳು ತಿರುಗುವಂಥದ್ದು, ಅದೂ ಕೆಟ್ಟಿತು. ಪಕ್ಕದ ಚರ್ಚಿನ ಕಥೆ ಆಗಲೇ ಹೇಳಿದೆ. 1777ರ ಅಕ್ಟೋಬರ್ 4ರಂದು ಜರ್ಮನ್‌ಟೌನ್ ಯುದ್ಧದಲ್ಲಿ ವಿದರ್‌ಸ್ಪೂನ್‌ನ ಮಗ ಜೇಮ್ಸ್ ಸತ್ತ. ಇದೇ ಕಾಲೇಜಿನ 1770ರ ಪದವೀಧರ.

ಲೆಕ್ಕ

ಕಾಲೇಜಿನ ನಷ್ಟಕ್ಕೆ ಕಾಂಗ್ರೆಸ್ 19 ಸಾವಿರ ಚಿಲ್ಲರೆ ಡಾಲರ್ ಕೊಟ್ಟಿತು. ಕಾಗದದ ಡಾಲರ್. ಕಾಂಗ್ರೆಸ್ ಅಚ್ಚು ಹಾಕುತ್ತಾ ಹೋದ ಹಾಗೆ ಅದರ ಬೆಲೆ ಬಿದ್ದು, ಮುಖಬೆಲೆಯ ಚೂರುಪಾರಷ್ಟೇ ಕೈಗೆ ಸಿಕ್ಕಿತು. ತಮಾಷೆ ಏನೆಂದರೆ, ಇಷ್ಟೊಂದು ನೋಟು ಅಚ್ಚು ಹಾಕಬೇಡಿ ಅಂತ ಕಾಂಗ್ರೆಸ್ಸಿನಲ್ಲಿ ವಾದಿಸಿದವರಲ್ಲಿ ವಿದರ್‌ಸ್ಪೂನ್ ಒಬ್ಬ. ಯುದ್ಧ ಮುಗಿದ ಮೇಲೆ ಕಾಲೇಜಿಗೆ ಚಂದಾ ಎತ್ತೋಕೆ ಅವನನ್ನು ಬ್ರಿಟನ್ನಿಗೇ ಕಳಿಸಿದರು. ಬೇಡ, ಯಾರೂ ಕೊಡೋದಿಲ್ಲ ಅಂತ ಅವನು ಹೇಳಿದ್ದ. ಸಹಿ ಹಾಕಿದವನಿಗೆ ಲಂಡನ್ನಿನಲ್ಲಿ ಯಾರು ದುಡ್ಡು ಕೊಡುತ್ತಾರೆ? ಖರ್ಚು ಕಳೆದು ಉಳಿದದ್ದು 5 ಪೌಂಡ್ 14 ಶಿಲ್ಲಿಂಗ್.

ಇಷ್ಟೆಲ್ಲ ಕಳೆದುಕೊಂಡು ಸಿಕ್ಕಿದ್ದೇನು? ಚರ್ಚೇ ಕ್ರಾಂತಿ ಮಾಡಿತು ಅನ್ನೋದು ಸುಮ್ನೆ ದೊಡ್ಡ ಮಾತು. ಈ ಯುದ್ಧ ಪ್ರೆಸ್ಬಿಟೇರಿಯನ್ನರ ದಂಗೆ ಅಂತ ಆಗಿನ ಒಬ್ಬ ಜರ್ಮನ್ ಅಧಿಕಾರಿ ಬರೆದಿದ್ದು ನಿಜ, ಅದು ಸಿಟ್ಟಿನಲ್ಲಿ ಬರೆದದ್ದು. ನನ್ನ ಮಟ್ಟಿಗೆ ಈ ಚರ್ಚು ಕೊಟ್ಟದ್ದು ಮೂರು ಚಿಕ್ಕ ಸಾಮಾನು: ಗಂಟೆ, ಪೀಠ, ಹುಡುಗರು. ಅದರಲ್ಲಿ ಕೊನೆಯದೇ ದೊಡ್ಡದು. ಓದಿ ಹೋದವರು ವರ್ಜೀನಿಯಾದಿಂದ ಪೆನ್ಸಿಲ್ವೇನಿಯಾದವರೆಗೆ ಪಾದ್ರಿಗಳಾಗಿ, ಮೇಷ್ಟ್ರುಗಳಾಗಿ, ವಕೀಲರಾಗಿ ಹರಡಿಕೊಂಡಿದ್ದರು, ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರು. 1787ರಲ್ಲಿ ಸಂವಿಧಾನ ಬರೆಯೋಕೆ ಕೂತ 55 ಜನರಲ್ಲಿ ಒಂಬತ್ತು ಜನ ಈ ಕಾಲೇಜಿನವರು. ಬೇರೆ ಯಾವ ಕಾಲೇಜಿಗೂ ಅಷ್ಟಿರಲಿಲ್ಲ.

ಇನ್ನು ಒಂದು ದಿನದ ಸಂಭ್ರಮವೂ ಸಿಕ್ಕಿತು. 1783ರ ಜೂನಿನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಸಭಾಭವನ ಸುತ್ತುವರಿದರು. ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್ನಿಗೆ ಬಂತು. ನಾಲ್ಕು ತಿಂಗಳು ಈ ಪುಟ್ಟ ಊರೇ ರಾಜಧಾನಿ. ಮಲಗೋಕೆ ಜಾಗವಿಲ್ಲ. ಹತ್ತಡಿ ಚದರವೂ ಇಲ್ಲದ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಇನ್ನೊಬ್ಬ ಸದಸ್ಯನ ಜತೆ ಮಲಗಬೇಕಾಗಿದೆ ಅಂತ ಮ್ಯಾಡಿಸನ್ ಗೋಳಾಡಿದ್ದಾನೆ. ಹಳೇ ವಿದ್ಯಾರ್ಥಿಗೇ ಈ ಪಾಡು.

ಸೆಪ್ಟೆಂಬರಿನ ಪದವಿ ಸಮಾರಂಭ ಅದೇ ಚರ್ಚಿನಲ್ಲಿ ನಡೆಯಿತು. ವೇದಿಕೆಯ ಮೇಲೆ ಕಾಂಗ್ರೆಸ್ಸಿನವರು, ಅವರ ಜತೆ ವಾಷಿಂಗ್ಟನ್. ವಿದಾಯ ಭಾಷಣ ಮಾಡಿದ ವಿದ್ಯಾರ್ಥಿ ಆಶ್ಬೆಲ್ ಗ್ರೀನ್ ಕೊನೆಯಲ್ಲಿ ನೇರ ವಾಷಿಂಗ್ಟನ್ ಕಡೆ ತಿರುಗಿ ಹೊಗಳಿದಾಗ ಜನರಲ್ ಮುಖ ಕೆಂಪಾಯಿತಂತೆ. ವಾಷಿಂಗ್ಟನ್ ಕಾಲೇಜಿಗೆ 50 ಗಿನಿ ಕೊಟ್ಟ. ಆ ದುಡ್ಡಿನಲ್ಲಿ ಕಾಲೇಜಿನವರು ಅವನದೇ ಚಿತ್ರ ಬರೆಸಿದರು, ಚಾರ್ಲ್ಸ್ ವಿಲ್ಸನ್ ಪೀಲ್ ಕೈಯಲ್ಲಿ. ತಲೆ ಹಾರಿದ ರಾಜನ ಖಾಲಿ ಚೌಕಟ್ಟಿಗೇ ಅದನ್ನು ಕೂರಿಸಿದರು. ಸ್ಕಾಟ್ ಲೆಕ್ಕಾಚಾರ, ಚೌಕಟ್ಟು ಯಾಕೆ ದಂಡ ಮಾಡಬೇಕು.

ಗ್ಯಾಲರಿಯಲ್ಲಿ ಕೂತವರು

ಪ್ರಕರಣ ಇಲ್ಲಿಗೇ ಮುಗಿಸಬಹುದಿತ್ತು. ಬಹಳ ಕಡೆ ಮುಗಿಸುತ್ತಾರೆ ಕೂಡ. ಆದರೆ ಸ್ವಾತಂತ್ರ್ಯದ ಮಾತು ಬಂದ ಮೇಲೆ ಇನ್ನೊಂದು ಲೆಕ್ಕ ಬಾಕಿ ಇದೆ.

ವಿದರ್‌ಸ್ಪೂನ್‌ಗಿಂತ ಮುಂಚೆ ಅಧ್ಯಕ್ಷನಾಗಿದ್ದ ಸ್ಯಾಮ್ಯುಯಲ್ ಫಿನ್ಲೆ 1766ರಲ್ಲಿ ತೀರಿಕೊಂಡಾಗ ಅವನ ಆಸ್ತಿಯ ಜತೆ ಆರು ಜನ ಗುಲಾಮರನ್ನೂ ಮಾರಾಟಕ್ಕಿಟ್ಟರು, ಕಾಲೇಜಿನ ಅಧ್ಯಕ್ಷರ ಮನೆಯಲ್ಲೇ. ವಿದರ್‌ಸ್ಪೂನ್ ಗುಲಾಮಗಿರಿ ತಪ್ಪು ಅಂತ ತರಗತಿಯಲ್ಲಿ ಪಾಠ ಹೇಳಿದ. 1774ರಲ್ಲಿ ರೋಡ್ ಐಲೆಂಡಿನಿಂದ ಬಂದ ಜಾನ್ ಕ್ವಾಮಿನ್, ಬ್ರಿಸ್ಟಲ್ ಯಮ್ಮಾ ಎಂಬ ಇಬ್ಬರು ಆಫ್ರಿಕನ್ನರಿಗೆ ತಾನೇ ಪಾಠ ಮಾಡಿದ. ಆದರೆ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ. 1790ರಲ್ಲಿ ನ್ಯೂಜೆರ್ಸಿ ಶಾಸನಸಭೆ ಗುಲಾಮಗಿರಿ ತೆಗೆಯುವ ವಿಚಾರಕ್ಕೆ ಮಾಡಿದ ಸಮಿತಿಗೆ ಅವನೇ ಮುಖ್ಯಸ್ಥ. ಹೊಸ ಕಾಯ್ದೆ ಬೇಡ, ತಾನಾಗಿ ಸಾಯುತ್ತದೆ ಅಂತ ಸಮಿತಿ ಹೇಳಿತು. ಕೊನೆಯ ವರ್ಷಗಳಲ್ಲಿ ಅವನಿಗೆ ಕಣ್ಣು ಪೂರ್ತಿ ಹೋಯಿತು, ಕೈ ಹಿಡಿದು ಪೀಠಕ್ಕೆ ಹತ್ತಿಸುತ್ತಿದ್ದರು. 1794ರ ನವೆಂಬರಿನಲ್ಲಿ ತೀರಿಕೊಂಡಾಗ ಮಾಡಿದ ಆಸ್ತಿ ಪಟ್ಟಿಯಲ್ಲಿ ಇಬ್ಬರು ಗುಲಾಮರು ಸೇರಿದ್ದರು. ದೂರ ಕೂತವರು ನಮ್ಮನ್ನು ಆಳೋಕೆ ಆಗದು ಅಂತ ಬಿಡಿಸಿ ಹೇಳಿದವನಿಗೆ ಹತ್ತಿರದಲ್ಲೇ ಇದ್ದವರ ವಿಷಯ ಯಾಕೆ ಹೊಳೆಯಲಿಲ್ಲ ಅಂತ ಕೇಳಿದರೆ, ಹೊಳೆದಿತ್ತು, ಅದೇ ಬೇಜಾರು.

ಮುಂದೆ 1798ರ ಸುಮಾರಿಗೆ ಪ್ರಿನ್ಸ್‌ಟನ್ನಿನಲ್ಲಿ ಬೆಟ್ಸಿ ಸ್ಟಾಕ್ಟನ್ ಎಂಬ ಹುಡುಗಿ ಗುಲಾಮಳಾಗಿ ಹುಟ್ಟಿದಳು. ಆಕೆ ಬೆಳೆದದ್ದು ಆಶ್ಬೆಲ್ ಗ್ರೀನ್ ಮನೆಯಲ್ಲಿ, ಅದೇ ವಾಷಿಂಗ್ಟನ್ ಮುಖ ಕೆಂಪು ಮಾಡಿದ ಗ್ರೀನ್, 1812ರಲ್ಲಿ ತಾನೇ ಕಾಲೇಜಿನ ಅಧ್ಯಕ್ಷನಾದವನು. ಅವನ ಪುಸ್ತಕಗಳನ್ನು ಓದಿ ಬೆಟ್ಸಿ ಕಲಿತಳು, ಈ ಚರ್ಚಿನ ಸದಸ್ಯಳಾದಳು, ಬಿಡುಗಡೆ ಪಡೆದಳು, ಹಡಗು ಹತ್ತಿ ಹವಾಯಿಗೆ ಹೋಗಿ ಅಲ್ಲಿಯ ಸಾಮಾನ್ಯ ಜನರ ಮಕ್ಕಳಿಗೆ ಶಾಲೆ ನಡೆಸಿದಳು. ಆಮೇಲೆ ಪ್ರಿನ್ಸ್‌ಟನ್ನಿಗೆ ವಾಪಸ್ ಬಂದು ಕಪ್ಪು ಮಕ್ಕಳಿಗೆ ಟೀಚರ್ ಆದಳು.

ಚರ್ಚಿನಲ್ಲಿ ಕಪ್ಪು ಸದಸ್ಯರ ಜಾಗ ಮೇಲಿನ ಗ್ಯಾಲರಿ. ಯುದ್ಧದ ಕಟ್ಟಡ 1813ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು 1835ರಲ್ಲಿ ಸುಟ್ಟಿತು. 1836ರಲ್ಲಿ ಚಾರ್ಲ್ಸ್ ಸ್ಟೆಡ್‌ಮನ್ ಕಟ್ಟಿದ ಬಿಳಿ ಕಂಬದ ಕಟ್ಟಡವೇ ಈಗ ನಸ್ಸೌ ರಸ್ತೆಯಲ್ಲಿ ಕಾಣುವುದು. ಈ ಸಲ ಹೊಸ ಬೆಂಚು ಬಂದಾಗ ಕಪ್ಪು ಸದಸ್ಯರು ಬೇರೆಯಾಗಿ ಕೂಡಲಿ ಎಂಬ ಮಾತು ಬಂತು. ಅವರು ಪ್ರತ್ಯೇಕವಾಗಿ ಆರಾಧನೆ ಶುರು ಮಾಡಿದರು, 1840ರ ದಶಕದ ಹೊತ್ತಿಗೆ ಅವರದೇ ಚರ್ಚು ನಿಂತಿತು. ಬೆಟ್ಸಿ ಸ್ಟಾಕ್ಟನ್ ಅದನ್ನು ಕಟ್ಟಿದವರಲ್ಲಿ ಒಬ್ಬಳು. ಕಾಲೇಜಿನ ಗೇಟಿನ ಎದುರಿನಿಂದ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಸ್ವಲ್ಪ ನಡೆದರೆ ಸಿಗುತ್ತದೆ, ಈಗಲೂ ಭಾನುವಾರ ತೆರೆದಿರುತ್ತದೆ. ರಸ್ತೆಯ ಹೆಸರು ವಿದರ್‌ಸ್ಪೂನ್ ಸ್ಟ್ರೀಟ್.